ಬಡಾವಣೆಯಲ್ಲಿ ಪರಿಸರ ದಿನ ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಬಡಾವಣೆಗಳಲ್ಲಿ, ಮಂಡ್ಯದ ಊರುಗಳಲ್ಲಿ ಪರಿಸರ ದಿನ, ಹಸಿರು ಸಂತೆ, ಬೀಜ ಮೇಳ ಮಾಡಲು ಹೊರಟವರು ಕೇಳುವ ಪ್ರಶ್ನೆಗಳಿವು. ಬೆಳಿಗ್ಗೆ ಶುರುವಾಗಿ ಮಧ್ಯಾಹ್ನದ ಊಟಕ್ಕೆ ಮುಗಿಯುವ, 150ರಿಂದ 250 ಜನ ಬರುವ ಕಾರ್ಯಕ್ರಮವೆಂದು ಇಟ್ಟುಕೊಂಡು ಲೆಕ್ಕ ಕೊಟ್ಟಿದ್ದೇವೆ. ಜನ ಹೆಚ್ಚಾದರೆ ಅದೇ ಪ್ರಮಾಣದಲ್ಲಿ ಏರಿಸಿಕೊಳ್ಳಿ.

ಯಾವ ತಿಂಗಳು ಇಟ್ಟುಕೊಂಡರೆ ಒಳ್ಳೆಯದು?

ಏನು ಕಲಿಸಬೇಕೆಂದಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಬೀಜ ವಿನಿಮಯ ಮುಂಗಾರಿಗೆ ಮೊದಲೇ, ಅಂದರೆ ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ ಆಗಬೇಕು. ಆಗ ಸಂಜೆಯಾದರೆ ಗುಡುಗು ಮಳೆ ಬರುವುದುಂಟು, ಆದ್ದರಿಂದ ಬೆಳಿಗ್ಗೆಯೇ ಮುಗಿಸಿ. ಗಿಡ ನೆಡುವುದು ಜೂನ್, ಜುಲೈ. ಮಣ್ಣಿನ ಗಣಪತಿ ಮಾಡುವುದನ್ನು ಕಲಿಸುವುದಾದರೆ ಹಬ್ಬಕ್ಕೆ ಎರಡು ವಾರ ಮೊದಲು. ತಡವಾದರೆ ಮೂರ್ತಿ ಒಣಗುವುದಿಲ್ಲ. ಕೆರೆ ನಡಿಗೆಗೆ ನವೆಂಬರ್‌ನಿಂದ ಫೆಬ್ರವರಿ, ವಲಸೆ ಹಕ್ಕಿಗಳು ಇರುವ ಕಾಲ.

ಕಾಂಪೋಸ್ಟ್ ಕಲಿಸಲು ಫೆಬ್ರವರಿಯೇ ಸರಿ. ಬೀದಿ ತುಂಬ ತರಗೆಲೆ ಬಿದ್ದಿರುತ್ತದೆ, ಅದನ್ನೇ ಚೀಲಗಟ್ಟಲೆ ಸುಡುತ್ತಿರುತ್ತಾರೆ ಕೂಡ. ದಸರಾ ಹತ್ತು ದಿನ ಬಿಟ್ಟುಬಿಡಿ. ಪೊಲೀಸರಿಗೂ ಪೌರಕಾರ್ಮಿಕರಿಗೂ ಆಗ ಉಸಿರಾಡಲು ಬಿಡುವಿರುವುದಿಲ್ಲ.

ತಯಾರಿ ಎಷ್ಟು ದಿನ ಮೊದಲೇ ಶುರುವಾಗಬೇಕು?

ಅರವತ್ತು ದಿನ. ಪೆಂಡಾಲಿಗೂ ಮೈಕಿಗೂ ಹತ್ತು ದಿನ ಸಾಕು. ಆದರೆ ತೋರಿಸಬೇಕಾದ ಕಾಂಪೋಸ್ಟ್ ಮಡಕೆ ಎರಡು ತಿಂಗಳು ಬೇಡುತ್ತದೆ. ಖಾಲಿ ಮಡಕೆ ಇಟ್ಟುಕೊಂಡು ಭಾಷಣ ಮಾಡಿದರೆ ಯಾರೂ ಮನೆಗೆ ಹೋಗಿ ಮಾಡುವುದಿಲ್ಲ. 1, 10, 25, 45, 60 ದಿನದ ಐದು ಮಡಕೆಗಳನ್ನು ಸಾಲಾಗಿ ಇಟ್ಟು, ಮೂಸಿ ನೋಡಿ, ಕೈ ಹಾಕಿ ನೋಡಿ ಎಂದರೆ ವಿವರಿಸುವ ಕೆಲಸ ಅರ್ಧ ಮುಗಿದಂತೆ. ಬಡಾವಣೆಯ ಐದು ಮನೆಗಳಿಗೆ ಒಂದೊಂದು ಮಡಕೆ ಕೊಟ್ಟು, ಬೇರೆ ಬೇರೆ ದಿನ ಶುರು ಮಾಡಿಸಿ.

ಯಾರ ಅನುಮತಿ ಬೇಕು?

ಮೊದಲು ಜಾಗ ಯಾರದು ಎಂದು ತಿಳಿಯಿರಿ. ಬಡಾವಣೆಯ ಉದ್ಯಾನವಾದರೆ ಸಾಮಾನ್ಯವಾಗಿ ಪಾಲಿಕೆಯ ವಲಯ ಕಚೇರಿ, ಪಾಲಿಕೆಗೆ ಇನ್ನೂ ಹಸ್ತಾಂತರವಾಗದ ಬಡಾವಣೆಯಾದರೆ ಅಭಿವೃದ್ಧಿ ಪ್ರಾಧಿಕಾರ, ಮಂಡ್ಯದಲ್ಲಿ ನಗರಸಭೆ, ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿ. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು, ಕಾರಂಜಿ ಕೆರೆ ಮೃಗಾಲಯದ ಆಡಳಿತದಲ್ಲಿದೆ. ಅಲ್ಲಿಗೆ ಪಾಲಿಕೆಯ ಪತ್ರ ಹಿಡಿದು ಹೋದರೆ ಪ್ರಯೋಜನವಿಲ್ಲ.

ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಲಿಖಿತ ಅನುಮತಿ ಬೇಕು. 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಕನಿಷ್ಠ 3 ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಸ್ಥಳದಲ್ಲೇ ಬೇರ್ಪಡಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಈ ಪತ್ರ ಕೊಡಲು ಹೋದಾಗಲೇ ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರನ್ನು ಕಂಡು ಬನ್ನಿ. ಅಂದು ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅವರಿಂದಲೇ ತಿಳಿಯಬೇಕು.

ಎಷ್ಟು ಮಳಿಗೆ ಇರಬೇಕು?

ಐದು ಸಾಕು. ಇಪ್ಪತ್ತು ಮಳಿಗೆ ಹಾಕಿದರೆ ಅದು ವಸ್ತುಪ್ರದರ್ಶನವಾಗುತ್ತದೆ. ಜನ ಸುತ್ತು ಹಾಕಿ, ಚುರುಮುರಿ ತಿಂದು ಹೋಗುತ್ತಾರೆ. ಕಾಂಪೋಸ್ಟ್, ಬೀಜ, ರಿಪೇರಿ, ಮಕ್ಕಳ ಮೂಲೆ, ಊಟ. ಪ್ರತಿ ಮಳಿಗೆಯಲ್ಲೂ ಕೈಯಾರೆ ಮಾಡುವ ಕೆಲಸವೊಂದು ಇರಲಿ, ಮಾತಾಡಲು ಇಬ್ಬರಿರಲಿ. ಒಬ್ಬರೇ ಇದ್ದರೆ ಹನ್ನೊಂದು ಗಂಟೆಗೆ ಗಂಟಲು ಕಟ್ಟುತ್ತದೆ. ಮಾರಾಟದ ಮಳಿಗೆ ಬೇಕೇ ಬೇಕೆಂದರೆ ಒಂದು ಬದಿಗೆ ಹಾಕಿ, ಬಾಗಿಲಲ್ಲಿ ಬೇಡ.

ಕಾಂಪೋಸ್ಟ್ ಮಡಕೆಯ ಪ್ರಾತ್ಯಕ್ಷಿಕೆ ಹೇಗೆ ಮಾಡಬೇಕು?

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲರಿಂದ ಒಂದು ಕೆ.ಜಿ. ಹಸಿ ಕಸ ಬರುತ್ತದೆ. ಇದಕ್ಕೆ 25ರಿಂದ 30 ಲೀಟರಿನ ಮೂರು ಮಣ್ಣಿನ ಮಡಕೆ ಬೇಕು: ಒಂದು ತುಂಬುತ್ತಿರುವಾಗ ಉಳಿದೆರಡು ಕಳಿಯುತ್ತಿರುತ್ತವೆ. ಹಳೆಯ ಪೇಂಟ್ ಡಬ್ಬ, ಬಕೆಟ್ ಕೂಡ ಆದೀತು. ಚೆನ್ನಾಗಿ ತೊಳೆದು, ತಳದಿಂದ ಎರಡು ಅಂಗುಲ ಮೇಲಿನಿಂದ ಶುರುಮಾಡಿ ಸುತ್ತಲೂ ನಾಲ್ಕು ಅಂಗುಲಕ್ಕೊಂದರಂತೆ ಪೆನ್ಸಿಲ್ ದಪ್ಪದ ತೂತು ಕೊರೆಯಿರಿ. ತಳಕ್ಕೂ ನಾಲ್ಕು ತೂತು ಹಾಕಿ, ಕೆಳಗೆ ತಟ್ಟೆ ಇಡಿ.

ತಳದಲ್ಲಿ ನಾಲ್ಕು ಅಂಗುಲ ತರಗೆಲೆ ಅಥವಾ ತೆಂಗಿನ ನಾರು. ಅದರ ಮೇಲೆ ಒಂದು ಬೊಗಸೆ ಹಳೆಯ ಗೊಬ್ಬರ, ಇಲ್ಲದಿದ್ದರೆ ಸಗಣಿ ಕದಡಿದ ನೀರು ಅಥವಾ ಹುಳಿ ಮಜ್ಜಿಗೆ ಒಂದು ಲೋಟ. ಆಮೇಲೆ ಲೆಕ್ಕ ಒಂದೇ: ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಪುಡಿ ಮಾಡಿದ ತರಗೆಲೆ. ಕಸ ಚಿಕ್ಕದಾಗಿ ಹೆಚ್ಚಿದ್ದರೆ ಬೇಗ ಕೊಳೆಯುತ್ತದೆ. ಪ್ರತಿ ಸಲ ಮೇಲ್ಪದರ ಒಣಗಿದ್ದೇ ಆಗಿರಬೇಕು, ಹಸಿ ಕಸ ಕಣ್ಣಿಗೆ ಬೀಳಕೂಡದು. ವಾರಕ್ಕೆರಡು ಸಲ ಕೋಲಿನಿಂದ ಕೆದಕಿ.

ತೇವ ಎಷ್ಟಿರಬೇಕೆಂದು ಬಾಯಲ್ಲಿ ಹೇಳಿದರೆ ತಲೆಗೆ ಹೋಗದು. ಮಡಕೆಯಿಂದ ಒಂದು ಹಿಡಿ ತೆಗೆಸಿ ಹಿಂಡಿಸಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಹೆಚ್ಚು, ಮುಷ್ಟಿ ಬಿಟ್ಟೊಡನೆ ಉದುರಿದರೆ ಕಡಿಮೆ. ಈ ಹಿಂಡುವ ಪರೀಕ್ಷೆಯನ್ನು ಬಂದವರೆಲ್ಲ ಮಾಡಿಯೇ ಮುಂದಕ್ಕೆ ಹೋಗುವಂತೆ ನೋಡಿಕೊಳ್ಳಿ. ಪಕ್ಕದಲ್ಲಿ ಕೈ ತೊಳೆಯಲು ನೀರು, ಸೋಪು ಇರಲಿ.

ಜನ ಅಲ್ಲಿ ಏನೇನು ಕೇಳುತ್ತಾರೆ, ಏನು ಹೇಳಬೇಕು?

ಮೊದಲ ಪ್ರಶ್ನೆ ವಾಸನೆಯದ್ದು. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ, ನೀರು ಹೆಚ್ಚಾಗಿದೆ ಎಂದರ್ಥ. ಎಲ್ಲ ಹೊರಗೆ ಸುರಿದು ತರಗೆಲೆ ಬೆರೆಸಿ ಮತ್ತೆ ತುಂಬಬೇಕು. ಮೂಗಿಗೆ ಚುರುಕ್ ಎನ್ನುವ ಅಮೋನಿಯಾ ವಾಸನೆ ಬೇರೆ. ಬೇಳೆ, ಅನ್ನ, ಹಸಿ ಹುಲ್ಲು ಹೆಚ್ಚಾಗಿ ಸಾರಜನಕ ಏರಿದೆ, ಅದಕ್ಕೂ ಒಣ ಎಲೆಯೇ ಮದ್ದು.

ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ, ಕೆಲಸ ನಡೆಯುತ್ತಿದೆ. ಬೂದು ಬಣ್ಣದ ದಪ್ಪ ಹುಳುಗಳು ಕಪ್ಪು ಸೈನಿಕ ನೊಣದ ಮರಿಗಳು. ಅವು ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ, ಕಸ ಬೇಗ ತಿಂದು ಮುಗಿಸುತ್ತವೆ. ಹಾಗಿದ್ದರೂ ನೋಡಿದವರಿಗೆ ಅಸಹ್ಯವಾಗುವುದು ಸಹಜ, ಒಣ ಪದರ ದಪ್ಪ ಮಾಡಿದರೆ ಕಡಿಮೆಯಾಗುತ್ತವೆ. ಇರುವೆ ಮುತ್ತಿದರೆ ಮಡಕೆ ಒಣಗಿದೆ, ನೀರು ಚಿಮುಕಿಸಿ. ಇಲಿ ಬಂದರೆ ಮೀನು, ಮಾಂಸ, ಎಣ್ಣೆ ಪದಾರ್ಥ ಒಳಗೆ ಹೋಗಿದೆ. ಅವನ್ನು ನಿಲ್ಲಿಸಿ, ತೂತಿಗೆ ಜಾಲರಿ ಕಟ್ಟಿ.

ಗೊಬ್ಬರದಲ್ಲಿ ಟೊಮೆಟೊ, ಕುಂಬಳ ಸಸಿ ಏಳುವುದಕ್ಕೂ ಕಾರಣವಿದೆ. ದೊಡ್ಡ ಗುಡ್ಡೆ 55 ಡಿಗ್ರಿಗಿಂತ ಮೇಲೆ ಬಿಸಿಯಾಗಿ ಬೀಜ ಸಾಯಿಸುತ್ತದೆ, ಚಿಕ್ಕ ಮಡಕೆ ಅಷ್ಟು ಬಿಸಿಯಾಗುವುದಿಲ್ಲ. ಅದು ತಪ್ಪಲ್ಲ, ಬೇಕಾದರೆ ಆ ಸಸಿಯನ್ನೇ ಬೆಳೆಸಿಕೊಳ್ಳಬಹುದು.

ಬಯೋ ಎಂಜೈಮ್ ಕಲಿಸಬಹುದೇ?

ಖಂಡಿತ. ಹಣ್ಣಿನ ಸಿಪ್ಪೆ, ಬೆಲ್ಲ, ನೀರು ಸೇರಿಸಿ ಹುಳಿ ಬರಿಸಿ ಮಾಡುವ, ನೆಲ ಒರೆಸುವ ದ್ರಾವಣವಿದು. ಮಂಡ್ಯದ ಬೆಲ್ಲ ಕೈಗೆಟಕುವಲ್ಲೇ ಇದೆ. ಉಂಡೆ ಸಿಗದಿದ್ದರೆ ಅಂಗಡಿಯವರು ಬೇರೆ ತೆಗೆದಿಟ್ಟ ಕಪ್ಪು ಪುಡಿ ಬೆಲ್ಲವೇ ಸಾಕು. ಬೆಲ್ಲ 1, ನಿಂಬೆ ಮೋಸಂಬಿ ಸಿಪ್ಪೆ 3, ನೀರು 10, ತೂಕದ ಲೆಕ್ಕ. ಎರಡು ಲೀಟರ್ ಬಾಟಲಿಗೆ 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು ಹಾಕಿ ಮೇಲೆ ಜಾಗ ಖಾಲಿ ಬಿಡಿ. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು, ಆಮೇಲೆ ವಾರಕ್ಕೊಮ್ಮೆ. ಗಾಜಿನ ಬಾಟಲಿ ಬೇಡವೇ ಬೇಡ. ಒತ್ತಡಕ್ಕೆ ಒಡೆದರೆ ಚೂರು ಕಣ್ಣಿಗೆ ಬೀಳುತ್ತದೆ. 90 ದಿನಕ್ಕೆ ಸೋಸಿ, ಬಕೆಟ್ ನೀರಿಗೆ ಒಂದೆರಡು ಮುಚ್ಚಳ ಹಾಕಿ ನೆಲ ಒರೆಸಬಹುದು. ಹುಳಿ ದ್ರಾವಣವಾದ್ದರಿಂದ ಮಾರ್ಬಲ್ ನೆಲಕ್ಕೆ ಬೇಡ, ಹೊಳಪು ಹೋಗುತ್ತದೆ. ಎಲ್ಲ ರೋಗಾಣು ಕೊಲ್ಲುತ್ತದೆ, ಕೆರೆ ಶುದ್ಧ ಮಾಡುತ್ತದೆ ಎಂದೆಲ್ಲ ಮಳಿಗೆಯಲ್ಲಿ ಹೇಳಬೇಡಿ. ಇದು ನೆಲ ಒರೆಸುವ ಒಳ್ಳೆಯ ದ್ರಾವಣ, ಅಷ್ಟೇ ಹೇಳಿ.

ಊಟಕ್ಕೆ ಬಾಳೆ ಎಲೆಯೋ, ಸ್ಟೀಲ್ ತಟ್ಟೆಯೋ, ಅಡಿಕೆ ಹಾಳೆಯೋ?

ಕೂತು ಉಣ್ಣುವ ವ್ಯವಸ್ಥೆ ಇದ್ದರೆ ಬಾಳೆ ಎಲೆ, ನಿಂತು ಉಣ್ಣುವುದಾದರೆ ಸ್ಟೀಲ್ ತಟ್ಟೆ. ಅಡಿಕೆ ಹಾಳೆ ಚೆನ್ನಾಗಿದೆ, ಆದರೆ ನಿಧಾನವಾಗಿ ಕೊಳೆಯುತ್ತದೆ; ಕತ್ತರಿಸದೆ ಗುಂಡಿಗೆ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಪೇಪರ್ ಲೋಟ ಬೇಡ. ಒಳಗೆ ತೆಳು ಪ್ಲಾಸ್ಟಿಕ್ ಪದರ ಅಂಟಿಸಿರುವುದರಿಂದ ಅದು ಹಸಿ ಕಸವೂ ಅಲ್ಲ, ಗುಜರಿಯವರು ಕೊಳ್ಳುವ ಕಾಗದವೂ ಅಲ್ಲ.

ಸ್ಟೀಲ್ ತಟ್ಟೆ ಎಂದೊಡನೆ ತೊಳೆಯುವವರು ಯಾರು, ನೀರೆಲ್ಲಿ ಎಂಬ ಪ್ರಶ್ನೆ ಏಳುತ್ತದೆ. 40 ಲೀಟರಿನ ಮೂರು ಟಬ್ ಸಾಲಾಗಿ ಇಡಿ: ಮೊದಲನೆಯದು ಸೋಪಿನ ನೀರು, ಎರಡನೆಯದು ಜಾಲಾಡಲು, ಮೂರನೆಯದು ಕೊನೆಯ ಜಾಲಾಟಕ್ಕೆ ಬಿಸಿನೀರು. ಟಬ್ಬಿಗೆ ಮೊದಲು ಒಂದು ಹಸಿ ಕಸದ ಡಬ್ಬ ಇದ್ದು, ಉಂಡವರೇ ತಟ್ಟೆ ಅದಕ್ಕೆ ಕೆರೆದು ಕೊಡಬೇಕು. ಅನ್ನ ನೀರಿಗೆ ಬಿದ್ದರೆ ಇಪ್ಪತ್ತು ತಟ್ಟೆಗೇ ನೀರು ಹಾಳು. 60 ತಟ್ಟೆಗೊಮ್ಮೆ ಸೋಪಿನ ನೀರು ಚೆಲ್ಲಿ, ಎರಡನೇ ಟಬ್ಬಿನದನ್ನು ಅದಕ್ಕೆ ಹಾಕಿಕೊಂಡರೆ 200 ತಟ್ಟೆಗೆ 300 ಲೀಟರ್ ಒಳಗೆ ಮುಗಿಯುತ್ತದೆ. ಬಿಸಿಲಲ್ಲಿ ಒಣಗಲು ಹಗ್ಗದ ಮಂಚ ಅಥವಾ ಬಿದಿರು ತಟ್ಟಿ ಸಾಕು.

ಕುಡಿಯುವ ನೀರು ತಲೆಗೆ ಒಂದು ಲೀಟರ್, ಏಪ್ರಿಲ್ ಮೇನಲ್ಲಿ ಒಂದೂವರೆ. ನಲ್ಲಿ ಇರುವ ಡ್ರಮ್ಮು, ಪಕ್ಕದಲ್ಲಿ ಸ್ಟೀಲ್ ಲೋಟ; ಲೋಟ ಸಾಲದು ಎನಿಸಿದರೆ ಕರಪತ್ರದಲ್ಲೇ "ಮನೆಯಿಂದ ನೀರಿನ ಬಾಟಲಿ ತನ್ನಿ" ಎಂದು ಹಾಕಿ. ಊಟಕ್ಕೆ ಹೆಸರು ಕೊಡಿಸಿ. ಗೊತ್ತುಗುರಿಯಿಲ್ಲದೆ ಬೇಯಿಸಿದ ಅನ್ನವೇ ಇಂಥ ದಿನಗಳ ಅತಿ ದೊಡ್ಡ ಕಸ.

ಅಂದಿನ ಕಸವನ್ನು ಏನು ಮಾಡುವುದು?

ಹಸಿರು ಡಬ್ಬ ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ. ಡಯಾಪರ್, ಪ್ಯಾಡ್, ಬ್ಯಾಂಡೇಜಿನಂಥದ್ದಕ್ಕೆ ಬೇರೆ ಡಬ್ಬ. ಡಬ್ಬ ಇಟ್ಟರಷ್ಟೇ ಆಗದು, ಪ್ರತಿ ಜೋಡಿಗೆ ಒಬ್ಬರು ನಿಂತಿರಬೇಕು. ಮನುಷ್ಯರಿಲ್ಲದ ಕಡೆ ಹದಿನೈದು ನಿಮಿಷದಲ್ಲಿ ಎಲ್ಲ ಕಲಬೆರಕೆಯಾಗುತ್ತದೆ. ಡಬ್ಬದ ಮೇಲೆ ಅಕ್ಷರದ ಬದಲು ನಿಜವಾದ ವಸ್ತು ಕಟ್ಟಿ: ಒಂದಕ್ಕೆ ಬಾಳೆ ಸಿಪ್ಪೆ, ಇನ್ನೊಂದಕ್ಕೆ ಬಿಸ್ಕತ್ ಪ್ಯಾಕೆಟ್ಟು.

ಅಡುಗೆ ಮನೆಯ ಸಿಪ್ಪೆ, ಎಲೆ, ಉಳಿಕೆ ಸೇರಿ ತಲೆಗೆ 200 ಗ್ರಾಂ ಎಂದು ಹಿಡಿದರೆ 200 ಜನರಿಗೆ 40 ಕೆ.ಜಿ. ಉದ್ಯಾನದ ಮೂಲೆಯಲ್ಲಿ ಜಾಲರಿ ಸುತ್ತಿದ ಮೂರಡಿ ಅಗಲ, ಮೂರಡಿ ಎತ್ತರದ ಎಲೆ ಗೂಡು ಇದ್ದರೆ ಅಷ್ಟೂ ಅಲ್ಲೇ ಹೋಗುತ್ತದೆ, ಪದರ ಪದರವಾಗಿ ತರಗೆಲೆ ಸೇರಿಸಿ. ಕೊನೆಗೆ ತೂಕ ಮಾಡಿ ಹಲಗೆಯ ಮೇಲೆ ಬರೆಯಿರಿ: ಹಸಿ ಇಷ್ಟು, ಒಣ ಇಷ್ಟು, ಏನೂ ಮಾಡಲಾಗದ್ದು ಇಷ್ಟು. 2015ರ ಸ್ವಚ್ಛ ಭಾರತ ಶ್ರೇಯಾಂಕದಲ್ಲೂ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲೂ ಮೈಸೂರು ದೇಶಕ್ಕೇ ಮೊದಲು ಬಂದಿತ್ತು. ಮುಂಜಾನೆ ಕಸ ಎತ್ತುವ ಪೌರಕಾರ್ಮಿಕರ ದುಡಿಮೆಯಿಂದ ಬಂದ ಹೆಸರದು. ನಮ್ಮ ಕಾರ್ಯಕ್ರಮದ ಕಸ ಮರುದಿನ ಅವರ ತಲೆಗೆ ಬೀಳಬಾರದು. ಅವರನ್ನು ಊಟಕ್ಕೆ ಕರೆಯಿರಿ, ಬೇರ್ಪಡಿಸುವುದು ಹೇಗೆಂದು ಅವರೇ ಮೈಕಿನಲ್ಲಿ ಹೇಳಲಿ.

ಬೀಜ ವಿನಿಮಯದಲ್ಲಿ ಏನು ಎಡವಟ್ಟಾಗುತ್ತದೆ?

ಹೆಸರಿಲ್ಲದ ಪೊಟ್ಟಣಗಳು. ಬೆಳೆಯ ಹೆಸರು, ತಳಿ, ಬೀಜ ತೆಗೆದ ತಿಂಗಳು, ಊರು ಇವು ನಾಲ್ಕೂ ಇಲ್ಲದ ಪೊಟ್ಟಣ ತೆಗೆದುಕೊಳ್ಳಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ತಂದದ್ದನ್ನು ಕಾಗದಕ್ಕೆ ಬದಲಿಸಿ, ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಹತ್ತು ದಿನ ಮೊದಲೇ ಬೀಜ ಸಂಗ್ರಹಿಸಿ ಮೊಳಕೆ ನೋಡಿ. ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಸುತ್ತಿ ನೆರಳಲ್ಲಿಡಿ. ಹುರುಳಿಕಾಯಿ, ಅವರೆ ನಾಲ್ಕರಿಂದ ಆರು ದಿನ. ಬದನೆ, ಮೆಣಸಿನಕಾಯಿಗೆ ಹತ್ತು ದಿನ ಬಿಡಿ. ಏಳಕ್ಕಿಂತ ಕಡಿಮೆ ಮೊಳೆತರೆ ಹಂಚಬೇಡಿ. ಅಂಗಡಿಯ ಹೈಬ್ರಿಡ್ ಹಣ್ಣಿನಿಂದ ತೆಗೆದ ಬೀಜ ಮುಂದಿನ ಸಲ ತಾಯಿಯಂತೆ ಬರುವುದಿಲ್ಲ, ಅದನ್ನು ಸೇರಿಸಿಕೊಳ್ಳಬೇಡಿ. ಟೊಮೆಟೊ, ಅವರೆ ಬಹುಪಾಲು ತಮ್ಮ ಹೂವಿನಲ್ಲೇ ಪರಾಗ ಕಟ್ಟಿಕೊಳ್ಳುತ್ತವೆ, ಅವುಗಳ ಬೀಜ ನಂಬಬಹುದು. ಸೋರೆ, ಕುಂಬಳ, ಹೀರೆಯ ಪರಾಗವನ್ನು ಜೇನು ಹೊತ್ತು ತರುತ್ತದೆ; ಪಕ್ಕದ ಮನೆಯಲ್ಲಿ ಅದೇ ಜಾತಿಯ ಬೇರೆ ತಳಿ ಇದ್ದರೆ ಬೆರಕೆ ಖಚಿತ.

ಭತ್ತ ಇಡುವುದಾದರೆ ನಮ್ಮ ಸೀಮೆಯ ರಾಜಮುಡಿಯನ್ನು ತೆನೆಯ ಸಮೇತ ತೋರಿಸಿ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಬೆಳೆದು ಉಳಿಸಿದ್ದಾರೆ. ಭತ್ತವೆಂದರೆ ಒಂದೇ ಬಣ್ಣ ಎಂದುಕೊಂಡಿರುವ ಮಕ್ಕಳು ಅಂಥ ಗದ್ದೆ ನೋಡಬೇಕು.

ಬಂದವರಿಗೆಲ್ಲ ಒಂದೊಂದು ಸಸಿ ಕೊಡೋಣವೇ?

ಬೇಡ. ಜಾಗವಿಲ್ಲದ ಮನೆಗೆ ಹೋದ ಹೊಂಗೆ ಸಸಿ ಕವರಿನಲ್ಲೇ ಒಣಗುತ್ತದೆ. ಗುಂಡಿ ತೋಡಿಕೊಂಡು ಬಂದವರಿಗೆ ಮಾತ್ರ ಕೊಡಿ, ಉಳಿದವರಿಗೆ ಕರಿಬೇವು, ದೊಡ್ಡಪತ್ರೆ ಸಾಕು. ಬೀದಿಯಲ್ಲಿ ನೆಡುವುದಾದರೆ ನೂರರ ಬದಲು ಹದಿನೈದು ನೆಟ್ಟು ಮೂರು ಬೇಸಿಗೆ ದಾಟಿಸುವುದು ಮೇಲು. ಎರಡಡಿ ಉದ್ದ, ಅಗಲ, ಆಳದ ಗುಂಡಿ; ಮೇಲ್ಮಣ್ಣಿಗೆ ಮೂರನೇ ಒಂದು ಪಾಲು ಕಾಂಪೋಸ್ಟ್; ಕವರ್ ಹರಿದು ತೆಗೆದು, ಸುರುಳಿ ಸುತ್ತಿದ ಬೇರು ಬಿಡಿಸಿ ನೆಡಿ. ಕವರ್ ಸಮೇತ ನೆಟ್ಟ ಸಸಿಗಳು ಎಷ್ಟೋ ಇವೆ. ಬುಡಕ್ಕೆ ತರಗೆಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಡಿಸೆಂಬರ್‌ನಿಂದ ಮೇವರೆಗೆ ವಾರಕ್ಕೆರಡು ಸಲ ಹತ್ತು ಹತ್ತು ಲೀಟರ್ ನೀರು. ಯಾವ ಸಸಿಗೆ ಯಾವ ಮನೆ ಎಂದು ನೆಡುವ ಮೊದಲೇ ಬರೆದುಕೊಳ್ಳಿ. ವಿದ್ಯುತ್ ತಂತಿ ಕೆಳಗೆ ಪಾರಿಜಾತದಂಥ ಚಿಕ್ಕ ಮರ. ಹುಣಸೆ, ನೇರಳೆ, ಹಿಪ್ಪೆಗೆ ಬಯಲು ಬೇಕು.

ಚಾಮುಂಡಿ ಬೆಟ್ಟಕ್ಕೆ ಬೀಜದುಂಡೆ ಎಸೆಯಬಹುದೇ?

ಅರಣ್ಯ ಇಲಾಖೆಯನ್ನು ಕೇಳದೆ ಬೇಡ, ಅದು ಮೀಸಲು ಅರಣ್ಯ. ಅಲ್ಲಿನದಲ್ಲದ ಜಾತಿ ಎಸೆದರೆ ಲಂಟಾನದಂತೆ ಹಬ್ಬಿ ತಲೆನೋವಾದೀತು. ಮೇಲೆ ಎಸೆದ ಉಂಡೆಯಲ್ಲಿ ಬೆಳೆದು ಉಳಿಯುವುದು ಬಲು ಕಡಿಮೆ. ಮಕ್ಕಳಿಗೆ ಮಣ್ಣಾಟ ಬೇಕೆಂದರೆ ಗಣಪತಿ ಮಾಡಿಸಿ: ತಲೆಗೆ ಒಂದು ಕೆ.ಜಿ. ಜೇಡಿಮಣ್ಣು, ಜೋಡಿಸುವ ಕಡೆ ಗೀರು ಹಾಕಿ ಮಣ್ಣಿನ ಗಂಜಿ ಹಚ್ಚುವುದು, ನೆರಳಲ್ಲಿ ಐದಾರು ದಿನ ಒಣಗಿಸುವುದು. ಬಿಸಿಲಿಗಿಟ್ಟರೆ ಹೊರಗೆ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಹಸಿ ಉಳಿಯುತ್ತದೆ, ಅಲ್ಲಿ ಬಿರುಕು.

ಕೆರೆ ನಡಿಗೆ, ಕೆರೆ ಸ್ವಚ್ಛತೆ ಸೇರಿಸಬಹುದೇ?

ನಡಿಗೆಗೆ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಒಬ್ಬ ಮಾರ್ಗದರ್ಶಿಗೆ 15 ಜನ. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ ಅಲ್ಲಿ ಕಣ್ಣಳತೆಯಲ್ಲೇ ಸಿಗುತ್ತವೆ. ಹಕ್ಕಿ ಮೀನಿಗೆ ಪುರಿ, ಬ್ರೆಡ್ ಹಾಕಕೂಡದು. ಅದು ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ. ಸ್ವಚ್ಛತೆ ಎಂದುಕೊಂಡು ದಡದ ಜೊಂಡು ಕಿತ್ತುಹಾಕುವವರಿದ್ದಾರೆ. ಜೊಂಡಿನಲ್ಲೇ ನೀರುಕೋಳಿ ಗೂಡು ಕಟ್ಟುವುದು, ಅದು ಕಸವಲ್ಲ. ಗಾಜು, ಪ್ಲಾಸ್ಟಿಕ್ ಮಾತ್ರ ಆರಿಸಿ, ದಪ್ಪ ಕೈಗವಸು, ಮುಚ್ಚಿದ ಚಪ್ಪಲಿ ಹಾಕಿ. ಮಕ್ಕಳನ್ನು ನೀರಿನಂಚಿಗೆ ಬಿಡಬೇಡಿ.

ಮಕ್ಕಳ ಮೂಲೆಯಲ್ಲಿ ಚಿತ್ರ ಬಿಡಿಸುವುದನ್ನು ಬಿಟ್ಟು ಬೇರೇನು?

ಅಳೆಯುವ ಕೆಲಸ ಕೊಡಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಹತ್ತು ನಿಮಿಷ ಲೋಟ ಇಟ್ಟು, ಬಂದ ನೀರನ್ನು 144ರಿಂದ ಗುಣಿಸಿದರೆ ಒಂದು ದಿನದ ಸೋರಿಕೆ. ಚಾವಣಿಯ ಲೆಕ್ಕವೂ ಹೀಗೆ: ಮೈಸೂರಿನ ವರ್ಷದ ಮಳೆ ಸುಮಾರು 800 ಮಿ.ಮೀ., 100 ಚದರ ಮೀಟರ್ ಚಾವಣಿ, ಐದರಲ್ಲೊಂದು ಪಾಲು ನಷ್ಟ ಕಳೆದರೂ 64,000 ಲೀಟರ್. ಮನೆಗೆ ಹೋಗಿ ಅಪ್ಪನನ್ನು ಪ್ರಶ್ನೆ ಕೇಳುವ ಮಗುವೇ ಅತ್ಯುತ್ತಮ ಪ್ರಚಾರಕ.

ರಿಪೇರಿ ಮಳಿಗೆಗೆ ಯಾರನ್ನು ಕೂರಿಸುವುದು?

ಟೈಲರ್, ಸೈಕಲ್ ರಿಪೇರಿಯವರು, ಮಿಕ್ಸಿ ರಿಪೇರಿಯವರು. ಅವರ ದಿನದ ಕೂಲಿ ಕೊಡಿ, ಸೇವೆ ಎಂದು ಪುಕ್ಕಟೆ ಮಾಡಿಸಬೇಡಿ. ಮೈಕ್ರೋವೇವ್ ಓವನ್ ಮಾತ್ರ ತೆಗೆದುಕೊಳ್ಳಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಮಂಡ್ಯ ಕಡೆಯ ಹಳ್ಳಿಯಲ್ಲಿ ಇದೇ ಕಾರ್ಯಕ್ರಮ ನಡೆಯುತ್ತದೆಯೇ?

ಅಡುಗೆ ಮನೆ ಕಸ ಅಲ್ಲಿ ಸಮಸ್ಯೆಯೇ ಅಲ್ಲ, ತಿಪ್ಪೆಗೆ ಹೋಗುತ್ತದೆ. ಅಲ್ಲಿ ಮಾತಾಡಬೇಕಾದ್ದು ಕಬ್ಬಿನ ತರಗು ಸುಡುವ ವಿಷಯ. ಹೆಕ್ಟೇರಿಗೆ 8ರಿಂದ 10 ಟನ್ ತರಗು ಬೀಳುತ್ತದೆ. ಬೆಂಕಿ ಇಟ್ಟರೆ ಸಾರಜನಕವೂ ಇಂಗಾಲವೂ ಗಾಳಿಪಾಲಾಗಿ ಬೂದಿಯಷ್ಟೇ ಉಳಿಯುತ್ತದೆ. ಭಾಷಣದ ಬದಲು ಒಪ್ಪಿದ ರೈತರೊಬ್ಬರ ಕೂಳೆ ಬೆಳೆಯ (ಕಟಾವಾದ ಮೇಲೆ ಬುಡದಿಂದ ಮತ್ತೆ ಚಿಗುರಿದ ಕಬ್ಬು) ನಾಲ್ಕು ಸಾಲಿನಲ್ಲಿ ಮಾಡಿ ತೋರಿಸಿ. ಸಾಲು ಬಿಟ್ಟು ಸಾಲಿಗೆ ತರಗು ಹರಡಿ, ಟನ್ನಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್, ಒಂದು ಕೆ.ಜಿ. ಕೊಳೆಸುವ ಸೂಕ್ಷ್ಮಜೀವಿ ಪುಡಿಯನ್ನು ಸಗಣಿ ನೀರಿನಲ್ಲಿ ಕದಡಿ ಚಿಮುಕಿಸಿ, ಖಾಲಿ ಸಾಲಿನಲ್ಲಿ ನೀರು ಹಾಯಿಸಬೇಕು. ಯೂರಿಯಾ ಏಕೆಂದರೆ ತರಗಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಹೊರಗಿನಿಂದ ಕೊಡದಿದ್ದರೆ ಸೂಕ್ಷ್ಮಜೀವಿಗಳು ಮಣ್ಣಿನದನ್ನೇ ಎಳೆದುಕೊಂಡು ಬೆಳೆ ಹಳದಿಯಾಗುತ್ತದೆ. ತರಗು ಹಾಕಿದರೆ ಇಲಿ ಹೆಚ್ಚುತ್ತದೆ ಎಂದು ರೈತರು ಹೇಳುವುದು ನಿಜ. ಅದನ್ನು ತಳ್ಳಿಹಾಕಬೇಡಿ. ಬದುಗಳನ್ನು ಶುಚಿಯಾಗಿಟ್ಟು ಬಿಲ ನೋಡುತ್ತಿರಬೇಕು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ವಿಜ್ಞಾನಿಗಳನ್ನು ಕರೆದರೆ ಇಂಥ ಪ್ರಶ್ನೆಗೆ ಗದ್ದೆಯಲ್ಲೇ ಉತ್ತರ ಸಿಗುತ್ತದೆ.

ಬ್ಯಾನರ್ ಬೇಡವೇ?

ಫ್ಲೆಕ್ಸ್ ಬೇಡ. ಫ್ಲೆಕ್ಸ್, ಪ್ಲಾಸ್ಟಿಕ್ ಬಂಟಿಂಗ್, ಥರ್ಮಾಕೋಲ್ ತಟ್ಟೆಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಕೋರಾ ಬಟ್ಟೆ ಮೇಲೆ ಬರೆಸಿ, ಇಸವಿ ತಾರೀಖು ಹಾಕದಿದ್ದರೆ ವರ್ಷವರ್ಷವೂ ಕಟ್ಟಬಹುದು.

ಕಾರ್ಯಕ್ರಮ ಫಲ ಕೊಟ್ಟಿತೇ ಎಂದು ಹೇಗೆ ತಿಳಿಯುವುದು?

ಎಷ್ಟು ಜನ ಬಂದರು ಎಂಬ ಲೆಕ್ಕದಿಂದ ಏನೂ ತಿಳಿಯದು. ಅಂದು ಮಡಕೆ ಒಯ್ದವರ ಹೆಸರು, ಮನೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಹತ್ತನೇ ದಿನ ಒಬ್ಬರು ಆ ಮನೆಗಳಿಗೆ ಹೋಗಿ ಬರಬೇಕು. ವಾಸನೆ ಬಂದು ಬಿಟ್ಟುಬಿಡುವವರು ಬಿಡುವುದು ಆ ಹೊತ್ತಿಗೇ, ಹೋಗುವಾಗ ಒಂದು ಚೀಲ ತರಗೆಲೆ ಹೊತ್ತುಕೊಂಡು ಹೋಗಿ. ಮಡಕೆ ತುಂಬಿ 60 ದಿನ ಕಳೆದ ಮೇಲೆ, ಅಂದರೆ ಸುಮಾರು ಮೂರು ತಿಂಗಳಿಗೆ, ಅದೇ ಉದ್ಯಾನದಲ್ಲಿ ಜರಡಿ ದಿನ ಇಡಿ. ಎಲ್ಲರೂ ಮಡಕೆ ತರಲಿ, ಕಾಲಂಗುಲ ಕಣ್ಣಿನ ಜರಡಿಯಲ್ಲಿ ಸೋಸಲಿ. ಮೇಲೆ ಉಳಿದ ಗರಟೆ ಚೂರು, ಮಾವಿನ ಓಟೆ ಮತ್ತೆ ಮಡಕೆಗೆ. ಕೆಳಗೆ ಬಿದ್ದದ್ದನ್ನು ತೂಗಿ, ಜೂನ್‌ನಲ್ಲಿ ನೆಡುವ ಹದಿನೈದು ಗುಂಡಿಗೆ ಎಷ್ಟೆಷ್ಟು ಎಂದು ಅಲ್ಲೇ ಹಂಚಿಕೊಳ್ಳಿ.